ಒಂಬತ್ತನೇ ನಂಬರಿನ ಕಂಪ್ಯೂಟರ್

ಟೋರ್ಸ್‌ವಿಗ್ ಎಂಬ ಬಂದರು ಊರಿನ ಪುರಸಭೆಯಲ್ಲಿ ಕೇಕ್ ನಿಂತುಹೋಗಿ ಒಂದೂವರೆ ವರ್ಷವಾಗಿತ್ತು. ನಿಲ್ಲಿಸಿದವನು ಎಸ್ಕಿಲ್. ಹಾಗೆಂದು ಕೇಕಿನ ಮೇಲೆ ಅವನಿಗೆ ಹಗೆಯೇನೂ ಇರಲಿಲ್ಲ. ಕೊಬ್ಬರಿಯನ್ನು ಕಂದು ಸಕ್ಕರೆಯಲ್ಲಿ ಕಾಯಿಸಿ ಮೇಲೆ ಸುರಿದ ಕೇಕ್ ಎಂದರೆ ಎರಡು ತುಂಡು ತಿಂದು, ಮೂರನೆಯದಕ್ಕೆ ಕೈ ಹಾಕುವ ಮುಂಚೆ ಸುತ್ತಮುತ್ತ ನೋಡುವ ಮನುಷ್ಯ ಅವನು.

ಆ ಕಚೇರಿಯ ಪದ್ಧತಿ ಹೀಗಿತ್ತು. ಯಾರಾದರೂ ತಮ್ಮ ಕಂಪ್ಯೂಟರನ್ನು ಲಾಕ್ ಮಾಡದೆ ಎದ್ದು ಹೋದರೆಂದರೆ ಮುಗಿಯಿತು. ಪಕ್ಕದವರು ಸದ್ದಿಲ್ಲದೆ ಆ ಕುರ್ಚಿಗೆ ಜರುಗಿ, ಹೋದವರ ಹೆಸರಿನಲ್ಲೇ ಇಡೀ ಕಚೇರಿಗೆ ಮೇಲ್ ಕಳಿಸಿಬಿಡುತ್ತಿದ್ದರು: 'ನಾಳೆಯ ಕೇಕ್ ನನ್ನದು.' ಬರೆದದ್ದು ನಾನಲ್ಲ ಎಂದು ವಾದಿಸುವಂತಿರಲಿಲ್ಲ. ಹೆಸರು ನಿನ್ನದು, ಮಾತು ನಿನ್ನದು, ಆದ್ದರಿಂದ ಕೇಕೂ ನಿನ್ನದು. ಮರುದಿನ ಒಂಬತ್ತೂವರೆಗೆ ಅದು ಬರಲೇಬೇಕು. ಅಂಗಡಿಯಿಂದ ತಂದದ್ದಾದರೆ ವಾರಗಟ್ಟಲೆ ಚುಚ್ಚುಮಾತು. ಎರಡನೇ ಮಹಡಿಯಲ್ಲಿ ಎಲ್ಲರೂ ಕಾಫಿ ಲೋಟ ಹಿಡಿದು ನಿಂತುಕೊಂಡೇ ತಿನ್ನುತ್ತಿದ್ದರು. ರಸ್ತೆ ವಿಭಾಗದವರು ಶಾಲಾ ವಿಭಾಗದವರ ಕಾಲೆಳೆಯುತ್ತಿದ್ದರು. ಪುರಸಭೆಯ ನಿರ್ದೇಶಕ ವಿಗ್ಗೊ ಕೂಡ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುತ್ತಿದ್ದ.

ಎಸ್ಕಿಲ್ ಆಗ ಅದೇ ಮಹಡಿಯಲ್ಲಿ ಕೂರುತ್ತಿದ್ದ. ಪ್ರಿಂಟರ್ ಕೆಟ್ಟರೆ, ಪಾಸ್‌ವರ್ಡ್ ಮರೆತರೆ, ಪರದೆ ತಲೆಕೆಳಗಾದರೆ ಎಲ್ಲರೂ ಕೂಗಿ ಕರೆಯುತ್ತಿದ್ದುದು ಅವನನ್ನೇ. ಹನ್ನೆರಡು ವರ್ಷಗಳ ಹಿಂದೆ ಒಮ್ಮೆ, ಒಂದೇ ಒಮ್ಮೆ, ಅವನೂ ಸಿಕ್ಕಿಬಿದ್ದಿದ್ದ. ಶಾಲಾ ಬಸ್ಸುಗಳ ಕೆಲಸ ನೋಡುವ ಬೋದಿಲ್ ಅವನ ಕುರ್ಚಿಯಲ್ಲಿ ಕೂತು, 'ರೂಪವಂತನೂ ಗುಣವಂತನೂ ಆದ ಎಸ್ಕಿಲ್ ಎಂಬ ನಾನು ನಾಳೆ ಎರಡು ಕೇಕ್ ತರುತ್ತೇನೆ' ಎಂದು ನೂರಾ ಎಂಬತ್ತು ಜನರಿಗೆ ಕಳಿಸಿದ್ದಳು. ಅಂದು ಸಂಜೆ ಅವನೂ ಹೆಂಡತಿ ರೆಗಿಟ್ಸೆಯೂ ಅಡುಗೆಮನೆಯ ತುಂಬ ಹಿಟ್ಟು ಚೆಲ್ಲಾಡಿ ಎರಡು ಕೇಕ್ ಬೇಯಿಸಿದರು. ಎರಡೂ ನಡುವಿನಲ್ಲಿ ಕುಸಿದವು. ಬೆಳಿಗ್ಗೆ ರಸ್ತೆ ವಿಭಾಗದ ಇಂಗೋಲ್ಫ್ ಆ ಹೊಂಡವನ್ನು ಬಗ್ಗಿ ಪರೀಕ್ಷಿಸಿ, ಗೋದಾಮಿನಿಂದ ಎಚ್ಚರಿಕೆಯ ಫಲಕ ತಂದು ತಟ್ಟೆಯ ಪಕ್ಕ ನಿಲ್ಲಿಸಿದ. ಎಲ್ಲರೂ ನಕ್ಕು ನಕ್ಕು ಸುಸ್ತಾದರು. ಒಂದು ಚೂರೂ ಉಳಿಯಲಿಲ್ಲ. ತನ್ನ ಬದುಕಿನ ಒಳ್ಳೆಯ ದಿನಗಳಲ್ಲಿ ಅದೂ ಒಂದೆಂದು ಎಸ್ಕಿಲ್‌ಗೆ ತಿಳಿದದ್ದು ಬಹಳ ವರ್ಷಗಳ ನಂತರ.

ಆಮೇಲೆ ಪಕ್ಕದ ಪುರಸಭೆಗೆ ಕೆಟ್ಟ ಗತಿ ಬಂತು. ಅಲ್ಲಿಯೂ ಇದೇ ಕೇಕಿನ ಆಟವಿತ್ತು. ಒಂದು ದಿನ ಅಲ್ಲಿನ ಹೆಂಗಸೊಬ್ಬಳ ಹೆಸರಿನಲ್ಲಿ ಮೇಲ್ ಬಂತು, 'ಕೇಕ್ ತರುತ್ತಿದ್ದೇನೆ, ಬೇಕಾದವರು ಇಲ್ಲಿ ಹೆಸರು ಸೇರಿಸಿ' ಎಂದು. ಪಾಪ, ಮತ್ತೆ ಲಾಕ್ ಮಾಡದೆ ಎದ್ದಿದ್ದಾಳೆ ಎಂದು ನಗುತ್ತಲೇ ಹದಿನಾಲ್ಕು ಜನ ಆ ಲಿಂಕ್ ಒತ್ತಿದರು. ಕಳಿಸಿದವರು ಕಳ್ಳರು. ಮರುದಿನ ಬೆಳಗಾಗುವಷ್ಟರಲ್ಲಿ ಆ ಪುರಸಭೆಯ ಎಲ್ಲ ಕಡತಗಳೂ ಅವರ ಕೈವಶವಾಗಿ, ಯಾವ ಪರದೆಯಲ್ಲೂ ಏನೂ ತೆರೆಯದಾಯಿತು. ಸಹಾಯಕ್ಕೆಂದು ಹೋದ ಎಸ್ಕಿಲ್ ಮೂರು ವಾರ ಅಲ್ಲಿದ್ದ. ಮನೆಮನೆಗೆ ಹೋಗಿ ವಯಸ್ಸಾದವರಿಗೆ ಮದ್ದು ಕೊಡುವ ದಾದಿಯರು, ಯಾರಿಗೆ ಯಾವ ಮದ್ದು ಎಂಬುದೇ ಗೊತ್ತಿಲ್ಲದೆ ಚೀಟಿ ಹಿಡಿದು ಬೀದಿ ಬೀದಿ ಅಲೆದರು. ಒಂದು ಮನೆಗೆ ಅವನೂ ಜೊತೆಯಲ್ಲಿ ಹೋಗಿದ್ದ. ಬಾಗಿಲು ತೆರೆದ ಮುದುಕಿ ಎರಡು ದಿನದಿಂದ ಕಣ್ಣಿಗೆ ಹಾಕುವ ಹನಿಗಾಗಿ ಕಾಯುತ್ತಿದ್ದಳು. ನನ್ನ ಹೆಸರನ್ನು ತೆಗೆದುಬಿಟ್ಟಿರೇನೋ ಅಂದುಕೊಂಡೆ ಎಂದು ಮೆಲ್ಲಗೆ ಹೇಳಿದಳು. ಆ ಮಾತು ಅವನ ಎದೆಯಲ್ಲಿ ಕೂತುಬಿಟ್ಟಿತು.

ವಾಪಸು ಬಂದ ಮೇಲೆ ಪುರಸಭೆಯವರು ಅವನನ್ನೇ ಭದ್ರತಾ ಅಧಿಕಾರಿ ಮಾಡಿದರು. ಮೂರು ವರ್ಷದ ಹುದ್ದೆ. ಮುಂದುವರಿಸುವುದೋ ಬಿಡುವುದೋ ಮೂರನೆಯ ವರ್ಷದ ಡಿಸೆಂಬರಿನಲ್ಲಿ ಕೌನ್ಸಿಲ್ ತೀರ್ಮಾನಿಸುವುದು. ಎಸ್ಕಿಲ್ ಒಂದು ವರ್ಷ ಓದಿ, ವಿಚಾರಿಸಿ, ನಿಯಮಗಳನ್ನು ಬರೆದ. ಅವುಗಳಲ್ಲಿ ಏಳನೆಯದು: ತಮಾಷೆಗಾದರೂ ಸರಿ, ಯಾರೂ ಇನ್ನೊಬ್ಬರ ಹೆಸರಿನಲ್ಲಿ ಬರೆಯಕೂಡದು. ಎಂಟನೆಯದು: ಲಾಕ್ ಆಗದ ಕಂಪ್ಯೂಟರ್ ಕಂಡವರು ಅದನ್ನು ಲಾಕ್ ಮಾಡಿ, ಫಾರಂ ತುಂಬಿ ಭದ್ರತಾ ಅಧಿಕಾರಿಗೆ ಕಳಿಸತಕ್ಕದ್ದು. ನಿಯಮ ಬಂದ ಮೊದಲ ವಾರವೇ ಇಂಗೋಲ್ಫ್ ಹಳೆಯ ಚಾಳಿಯಂತೆ ವಿಗ್ಗೊನ ಹೆಸರಿನಲ್ಲಿ ಕೇಕ್ ಮೇಲ್ ಕಳಿಸಿದ. ಎಸ್ಕಿಲ್ ಅವನಿಗೆ ಲಿಖಿತ ಎಚ್ಚರಿಕೆ ಕೊಟ್ಟ. ಮೊದಲನೆಯವನನ್ನು ಬಿಟ್ಟರೆ ಎರಡನೆಯವನನ್ನು ಹಿಡಿಯುವುದು ಹೇಗೆ ಎಂಬುದು ಅವನ ಲೆಕ್ಕಾಚಾರವಾಗಿತ್ತು, ಮತ್ತು ಅದರಲ್ಲಿ ತಪ್ಪೂ ಇರಲಿಲ್ಲ. ಅಲ್ಲಿಗೆ ಕೇಕ್ ನಿಂತಿತು.

ಎಸ್ಕಿಲ್‌ನನ್ನು ನೆಲಮಹಡಿಯ ಒಂಟಿ ಕೋಣೆಗೆ ಹಾಕಿದರು. ಬಾಗಿಲಿಗೆ ಗಟ್ಟಿ ಬೀಗವಿದ್ದ ಕೋಣೆ ಅದೊಂದೇ. ಒಂದು ಮೇಜು, ಒಂಬತ್ತನೇ ನಂಬರಿನ ಕಂಪ್ಯೂಟರ್, ಸೈಕಲ್ ನಿಲ್ಲಿಸುವ ಜಾಗಕ್ಕೆ ತೆರೆಯುವ ಕಿಟಕಿ. ಮೊದಲ ಮೂರು ತಿಂಗಳಲ್ಲಿ ನಲವತ್ತೊಂದು ಫಾರಂ ಬಂದವು. ಪ್ರತಿ ಫಾರಮ್ಮಿಗೂ ಅವನೇ ಮೇಲೆ ಹೋಗಿ, ತಪ್ಪಿದವರ ಮೇಜಿನ ಪಕ್ಕ ನಿಂತು, ಕಾರಣ ಕೇಳಿ ದಾಖಲಿಸುತ್ತಿದ್ದ. ಆಗಲೂ ಜನ ಎರಡು ಮಾತಾಡುತ್ತಿದ್ದರು, ಒಬ್ಬಿಬ್ಬರು ರೇಗುತ್ತಿದ್ದರು. ಆಮೇಲೆ ಫಾರಮ್ಮುಗಳು ಹದಿನೇಳಕ್ಕೆ ಇಳಿದವು, ಆರಕ್ಕೆ ಇಳಿದವು. ಈ ನವೆಂಬರ್ ಹೊತ್ತಿಗೆ ಹನ್ನೊಂದು ವಾರದಿಂದ ಒಂದೂ ಇಲ್ಲ. ಸೊನ್ನೆ. ವಿಗ್ಗೊ ಅದನ್ನು ಕೌನ್ಸಿಲಿನಲ್ಲಿ ಹೇಳಿ ಬೆನ್ನು ತಟ್ಟಿಸಿಕೊಂಡಿದ್ದ. ಡಿಸೆಂಬರಿನಲ್ಲಿ ಹೊರಗಿನಿಂದ ತಪಾಸಣೆಗೆ ಬರುವವರಿಗೂ ಆ ಸೊನ್ನೆಯನ್ನೇ ತೋರಿಸುವುದು, ಅದರ ಬಲದ ಮೇಲೆಯೇ ಎಸ್ಕಿಲ್‌ನ ಹುದ್ದೆ ಖಾಯಂ ಮಾಡಿಸುವುದು ಎಂದು ಮಾತಾಗಿತ್ತು. ಐವತ್ತೆಂಟರ ವಯಸ್ಸಿನಲ್ಲಿ ಆ ಊರಿನಲ್ಲಿ ಬೇರೆ ಕೆಲಸ ಸಿಗುವ ಹಾಗಿರಲಿಲ್ಲ.

ಸೊನ್ನೆಯಾದ ಮೇಲೆ ಮೇಲಿನ ಮಹಡಿಗೆ ಹೋಗಲು ಅವನಿಗೆ ಕಾರಣವೇ ಉಳಿಯಲಿಲ್ಲ.

ಹನ್ನೊಂದೂವರೆಗೆ ಊಟದ ಹೊತ್ತು. ಕ್ಯಾಂಟೀನಿಗೆ ಹೋಗುವವರೆಲ್ಲ ಅವನ ಬಾಗಿಲ ಮುಂದೆಯೇ ಹಾದು ಹೋಗುತ್ತಿದ್ದರು. ಅವನೂ ಹೋಗಿ, ರೈ ಧಾನ್ಯದ ಕಪ್ಪು ಬ್ರೆಡ್ಡು ಮತ್ತು ಉಪ್ಪು ಮೀನಿನ ಡಬ್ಬಿ ಬಿಚ್ಚಿ, ಯಾವುದಾದರೂ ಮೇಜಿನಲ್ಲಿ ಕೂರುತ್ತಿದ್ದ. ಯಾರೂ ಎದ್ದು ಹೋಗುತ್ತಿರಲಿಲ್ಲ, ಅಷ್ಟು ಅಸಭ್ಯರಲ್ಲ ಅವರು. ಆದರೆ ಅವನು ಕೂತ ಕೂಡಲೇ ಮಾತು ಹವಾಮಾನದ ಕಡೆ ಹೊರಳುತ್ತಿತ್ತು. ಗಾಳಿ ಪಶ್ಚಿಮದಿಂದಲೋ ವಾಯವ್ಯದಿಂದಲೋ ಎಂಬುದನ್ನು ಎಂಟು ಜನ ಪೂರಾ ಅರ್ಧ ಗಂಟೆ ಚರ್ಚಿಸಿದ್ದನ್ನು ಅವನು ಸಹಿಸಿಕೊಂಡು ಕೂತು ಕೇಳಿದ್ದ. ಮನೆಯಲ್ಲಿಯೂ ಯಾರೂ ಇರಲಿಲ್ಲ. ರೆಗಿಟ್ಸೆ ಐದು ವರ್ಷದ ಹಿಂದೆಯೇ ಅವನನ್ನು ಬಿಟ್ಟು ದೂರದ ಊರು ಸೇರಿದ್ದಳು. ಜಗಳವೇನೂ ಆಗಿರಲಿಲ್ಲ, ನಿನ್ನ ಜೊತೆಗಿದ್ದೂ ಒಬ್ಬಳೇ ಇದ್ದ ಹಾಗಿರುತ್ತದೆ ಎಂದು ಹೇಳಿ ಹೋಗಿದ್ದಳು. ಸೋಮವಾರ ಬೆಳಿಗ್ಗೆ ಸ್ವಾಗತದ ಹುಡುಗಿಗೆ ಶುಭೋದಯ ಹೇಳುವಾಗ ಅವನ ದನಿ ಕರಕರ ಎನ್ನುತ್ತಿತ್ತು. ಶುಕ್ರವಾರ ಮಧ್ಯಾಹ್ನದ ನಂತರ ಅವನು ಬಾಯಿ ತೆರೆದದ್ದು ಅದೇ ಮೊದಲಾಗಿರುತ್ತಿತ್ತು.

ಆ ನವೆಂಬರಿನ ಒಂದು ಮಂಗಳವಾರ ಎಸ್ಕಿಲ್ ತನ್ನ ಕಂಪ್ಯೂಟರನ್ನು ಲಾಕ್ ಮಾಡದೆ ಬಿಟ್ಟು ಎದ್ದ.

ಬೇಕೆಂದೇ ಬಿಟ್ಟ. ಎಷ್ಟೇ ಆಗಲಿ ಎಸ್ಕಿಲ್ ಅಲ್ಲವೇ, ತಪ್ಪು ಮಾಡುವುದನ್ನೂ ಅಚ್ಚುಕಟ್ಟಾಗಿಯೇ ಮಾಡಿದ. ಐದು ನಿಮಿಷ ಯಾರೂ ಮುಟ್ಟದಿದ್ದರೆ ತಾನಾಗಿಯೇ ಲಾಕ್ ಆಗುವ ಏರ್ಪಾಡನ್ನು ಅವನೇ ಎಲ್ಲ ಕಂಪ್ಯೂಟರುಗಳಿಗೂ ಮಾಡಿದ್ದ. ತನ್ನದರಲ್ಲಿ ಮಾತ್ರ ಅದನ್ನು ತೆಗೆದ. ಮುಖ್ಯವಾದ ಕಡತಗಳಿಂದೆಲ್ಲ ಹೊರಬಂದು, ಅವೆಲ್ಲ ಮುಚ್ಚಿವೆಯೇ ಎಂದು ಎರಡು ಸಲ ನೋಡಿ, ಮೇಲ್ ಒಂದನ್ನೇ ತೆರೆದಿಟ್ಟ. ಬಾಗಿಲನ್ನು ಅಗಲವಾಗಿ ತೆಗೆದ. ಹನ್ನೊಂದೂವರೆಗೆ ಸರಿಯಾಗಿ ಕೋಟು ಹಾಕಿಕೊಂಡು ಬಂದರಿನ ಕಡೆ ನಡೆದ.

ಯಾರಾದರೂ ನೋಡಲಿ ಎಂಬುದೊಂದೇ ಅವನ ಆಸೆ. ನೋಡಿ, ಅಯ್ಯೋ ಈ ಮಹಾಶಯನೂ ಮರೆತನಲ್ಲ ಎಂದು ಒಳಗೆ ನುಗ್ಗಲಿ, ಇಬ್ಬರನ್ನು ಕರೆಯಲಿ, ಬಾಯಿಗೆ ಬಂದದ್ದು ಬರೆದು ನೂರಾ ಎಂಬತ್ತು ಜನರಿಗೆ ಕಳಿಸಲಿ. ಮರುದಿನ ಅವನು ಕೇಕ್ ತಂದುಬಿಡುತ್ತಾನೆ. ತನಗೇ ಎಚ್ಚರಿಕೆ ಬರೆದುಕೊಳ್ಳಬೇಕಾಗುತ್ತದೆ, ಬರೆದುಕೊಂಡರಾಯಿತು. ಗಾಳಿಗೆ ಎದುರಾಗಿ ನಡೆಯುತ್ತಾ, ಹಿಟ್ಟು ಎಷ್ಟು, ಮೊಟ್ಟೆ ಎಷ್ಟು ಎಂದು ಲೆಕ್ಕ ಹಾಕುತ್ತಿದ್ದೇನೆಂಬುದು ಅರಿವಾಗಿ ಅವನಿಗೇ ನಾಚಿಕೆಯಾಯಿತು.

ಹಿಂತಿರುಗಿ ಬಂದು ನೋಡಿದರೆ ಪರದೆ ಬಿಟ್ಟು ಹೋದ ಹಾಗೆಯೇ ಇತ್ತು. ಯಾರಿಗೂ ಏನೂ ಹೋಗಿರಲಿಲ್ಲ. ಬುಧವಾರವೂ ಹಾಗೆಯೇ ಆಯಿತು. ಗುರುವಾರ ದೂರ ಹೋಗದೆ ಮೆಟ್ಟಿಲ ತಿರುವಿನಲ್ಲಿ ನಿಂತು ಕಿವಿಗೊಟ್ಟ. ಹೆಜ್ಜೆಗಳು ಅವನ ಬಾಗಿಲ ಬಳಿ ಬಂದು ನಿಧಾನವಾದವು, ನಿಂತವು. ಆಮೇಲೆ ಹೆಜ್ಜೆಗಳು ಮುಂದೆ ಹೋದವು. ಇಳಿದು ಬಂದು ನೋಡಿದರೆ, ಯಾರೋ ಪುಣ್ಯಾತ್ಮರು ಬಾಗಿಲನ್ನು ಮೆಲ್ಲಗೆ ಎಳೆದು ಮುಚ್ಚಿ ಹೋಗಿದ್ದರು.

ಶುಕ್ರವಾರ ಅವನು ಕ್ಯಾಂಟೀನಿನಲ್ಲಿ ಒಬ್ಬನೇ ಒಂದು ಮೇಜು ಹಿಡಿದು ನಿಧಾನವಾಗಿ ತಿಂದ. ಹನ್ನೆರಡೂ ಕಾಲಿಗೆ ಕೋಣೆಗೆ ಬಂದಾಗ ಪರದೆ ಲಾಕ್ ಆಗಿತ್ತು. ಕುರ್ಚಿ ಕಿಟಕಿಯ ಕಡೆ ಸ್ವಲ್ಪ ತಿರುಗಿತ್ತು. ಅವನು ಪಾಸ್‌ವರ್ಡ್ ಒತ್ತಿದ. ಒಂದನೇ ಸಲ ತಪ್ಪಾಯಿತು, ಎರಡನೇ ಸಲ ತೆರೆಯಿತು. ಯಾರಿಗೂ ಏನೂ ಹೋಗಿರಲಿಲ್ಲ. ಅವನಿಗೆ ಒಂದು ಹೊಸ ಮೇಲ್ ಬಂದಿತ್ತು. ಎಂಟನೇ ನಿಯಮದ ಫಾರಂ: ಕಂಪ್ಯೂಟರ್ ನಂಬರ್ ಒಂಬತ್ತು. ಲಾಕ್ ಆಗದೆ ಕಂಡುಬಂದ ಸಮಯ ಹನ್ನೊಂದು ಐವತ್ತೆರಡು. ಕಂಡವರು ಲಾಕ್ ಮಾಡಿದರೇ? ಹೌದು. ಬೇರೆ ಏನಾದರೂ ಹೇಳುವುದಿದೆಯೇ? ಇಲ್ಲ. ಕೆಳಗೆ ಬೋದಿಲ್‌ಳ ಹೆಸರು.

ಒಂದು ತಪ್ಪಿಲ್ಲದ ಫಾರಂ. ಒಂದೂವರೆ ವರ್ಷ ಅವನು ಹೇಳಿಕೊಟ್ಟದ್ದನ್ನೆಲ್ಲ ಅಕ್ಷರ ಬಿಡದೆ ಕಲಿತವರು ತುಂಬಿದ ಫಾರಂ. ಅವನಿಗೆ ಹೆಮ್ಮೆಯಾಗಬೇಕಿತ್ತು. ಅಳು ಬಂತು.

ಶುಕ್ರವಾರ ಒಂದೂವರೆಗೆಲ್ಲ ಕಚೇರಿ ಖಾಲಿಯಾಗುತ್ತದೆ. ಫಾರಂ ತುಂಬಿದವರಿಗೆ ಭದ್ರತಾ ಅಧಿಕಾರಿ ಖುದ್ದಾಗಿ ಧನ್ಯವಾದ ಹೇಳಬೇಕೆಂಬ ನಿಯಮವೂ ಅವನದೇ. ಅದನ್ನೇ ನೆಪ ಮಾಡಿಕೊಂಡು ಮೇಲೆ ಹೊರಟ. ಮೊದಲ ಮಹಡಿಯ ಮೆಟ್ಟಿಲ ಬಳಿ ಬೋದಿಲ್ ಸೈಕಲ್ ಹೆಲ್ಮೆಟ್ ಕೈಯಲ್ಲಿ ಹಿಡಿದು ಇಳಿದು ಬರುತ್ತಿದ್ದಳು. ಅವನಿಗಿಂತ ಒಂದು ವರ್ಷಕ್ಕೆ ಚಿಕ್ಕವಳು, ಇಪ್ಪತ್ತೆರಡು ವರ್ಷದ ಪರಿಚಯ.

"ನನ್ನ ಫಾರಂ ಸಿಕ್ತಾ?" ಎಂದು ಕೇಳಿದಳು.

"ಸಿಕ್ತು. ಥ್ಯಾಂಕ್ಸ್."

"ಎಲ್ಲ ಸರಿಯಾಗಿ ತುಂಬಿದೀನಿ ತಾನೆ? ಮತ್ತೆ ಅದಕ್ಕೊಂದು ಎಚ್ಚರಿಕೆ ಪತ್ರ ಬರೋದು ಬೇಡಪ್ಪ ನಂಗೆ."

ಅವನು ನಗಲು ನೋಡಿದ. ನೀನು ಒಳಗೆ ಬಂದಿದ್ದೆಯಾ ಎಂದು ಕೇಳಿದ. ಬಂದಿದ್ದೆ, ನಿನ್ನ ಕುರ್ಚಿಯಲ್ಲಿ ಕೂತೂ ಇದ್ದೆ ಎಂದಳು. ಹೇಳಿ ಹೆಲ್ಮೆಟ್ಟಿನ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಬರೆದೆ ಕಣೋ," ಎಂದಳು. "ಪೂರ್ತಿ ಬರೆದೆ. ಸೋಮವಾರದ ಕೇಕ್ ನನ್ನದು, ಹೊಂಡ ಸಮೇತ ತರ್ತೀನಿ ಅಂತ. ಕಳಿಸೋದೊಂದೇ ಬಾಕಿ. ಆಗ ಇಂಗೋಲ್ಫ್ ನೆನಪಾದ. ನಿನ್ನ ಎಚ್ಚರಿಕೆ ಕಾಗದ ಬಂದ ದಿನ ಅವನು ಟಾಯ್ಲೆಟ್ಟಿಗೆ ಹೋಗಿ ಬಾಗಿಲು ಹಾಕ್ಕೊಂಡು ಅರ್ಧ ಗಂಟೆ ಹೊರಗೆ ಬಂದಿರಲಿಲ್ಲ, ಗೊತ್ತಾ ನಿಂಗೆ? ಮೂವತ್ತು ವರ್ಷದ ಸರ್ವೀಸಲ್ಲಿ ಅವನಿಗೆ ಬಂದ ಮೊದಲ್ನೇ ಕಾಗದ ಅದು. ಬರೆದಿದ್ದನ್ನ ಅಳಿಸಿದೆ. ಲಾಕ್ ಮಾಡಿದೆ. ಮೇಲೆ ಬಂದು ಫಾರಂ ತುಂಬಿದೆ. ಇದೇ ತಾನೆ ನಿಂಗೆ ಬೇಕಾಗಿದ್ದು?"

"ಹೌದು," ಎಂದ ಎಸ್ಕಿಲ್. "ನೀನು ಮಾಡಿದ್ದು ಸರಿ."

"ಸರೀನೇ ಮಾಡಿದೀನಿ ಅಂತ ನಂಗೂ ಗೊತ್ತು."

ಕೆಳಗೆ ಬಾಗಿಲು ತೆರೆದು ಮುಚ್ಚುವ ಸದ್ದಾಗುತ್ತಿತ್ತು, ಜನ ಒಬ್ಬರಿಗೊಬ್ಬರು ವಾರಾಂತ್ಯದ ಶುಭಾಶಯ ಹೇಳಿ ಹೋಗುತ್ತಿದ್ದರು. ಬೋದಿಲ್ ದನಿ ತಗ್ಗಿಸಿದಳು.

"ಅದನ್ನ ಅಳಿಸಿಹಾಕು, ಎಸ್ಕಿಲ್. ಫಾರಂ ಬರೋದು ನಿನ್ನೊಬ್ಬನಿಗೇ. ಮುಂದಿನ ತಿಂಗಳು ನಿನ್ನ ಕೆಲಸದ ತೀರ್ಮಾನ, ನಿನ್ನ ಸೊನ್ನೆ ನನ್ನಿಂದ ಹಾಳಾಗೋದು ಬೇಡ. ನಾನು ಯಾರ ಹತ್ರಾನೂ ಬಾಯಿ ಬಿಡಲ್ಲ." ಆಮೇಲೆ ಅವನ ಮುಖ ನೋಡಿ ಕೇಳಿದಳು: "ಮರೆತಿದ್ದೆ, ಅಲ್ವಾ?"

ಆಗ ಹೇಳಬೇಕಿತ್ತು. ಎರಡು ಮೆಟ್ಟಿಲ ದೂರದಲ್ಲಿ ನಿಂತಿದ್ದಳು, ಆತುರ ತೋರಿಸದೆ ಕಾಯುತ್ತಿದ್ದಳು. ಎಸ್ಕಿಲ್ ಮೆಟ್ಟಿಲ ಕಂಬಿಯ ಕಡೆ ಕಣ್ಣು ಹೊರಳಿಸಿದ. ಬೋದಿಲ್ ಒಂದು ಕ್ಷಣ ನೋಡಿದಳು, ಹೆಲ್ಮೆಟ್ ಹಾಕಿಕೊಂಡಳು, ಬರ್ತೀನಿ ಎಂದು ಇಳಿದು ಹೋದಳು.

ಕೋಣೆಗೆ ಬಂದು ಎಸ್ಕಿಲ್ ಫಾರಮ್ಮಿನ ಮುಂದೆ ಕೂತ. ಕಿಟಕಿಯಾಚೆ ಸೈಕಲ್ ಜಾಗ ಬರಿದಾಗುತ್ತಾ ಬಂದು, ಕೊನೆಗೆ ಅವನದೊಂದೇ ಉಳಿಯಿತು. ಮೂರು ಗಂಟೆಯ ಬಿಸಿಲು ಗೋಡೆಯ ಮೇಲೆ ಹಳದಿಯಾಗಿ ಬಿದ್ದಿತ್ತು. ಅಳಿಸಿಬಿಟ್ಟರೆ ಸೊನ್ನೆ ಸೊನ್ನೆಯಾಗಿಯೇ ಉಳಿಯುತ್ತದೆ. ಬೋದಿಲ್ ಮಾತಿಗೆ ತಪ್ಪುವವಳಲ್ಲ. ಅಳಿಸಲು ಮನಸ್ಸು ಬಾರದಿದ್ದರೆ, ಕಾರಣದ ಜಾಗದಲ್ಲಿ 'ಮರೆವು' ಎಂಬುದರ ಎದುರು ಗುರುತು ಹಾಕಿದರೆ ಸಾಕು. ಸೊನ್ನೆ ಹೋಗಿ ಒಂದಾಗುತ್ತದೆ, ಎಲ್ಲರೂ ಅಯ್ಯೋ ಪಾಪ ಅನ್ನುತ್ತಾರೆ, ಹುದ್ದೆ ಉಳಿದರೂ ಉಳಿಯಬಹುದು. ಮರೆವಿಗೆ ನಿಯಮದಲ್ಲಿ ಇರುವುದು ಒಂದು ನೆನಪೋಲೆ, ಅಷ್ಟೇ.

ಬೇಕೆಂದೇ ಮಾಡಿದ್ದಕ್ಕೆ ಇರುವುದು ಬೇರೆ. ಅಂಥವರ ಪ್ರವೇಶ ಅಂದೇ ರದ್ದು. ಮುಂದಿನದು ನಿರ್ದೇಶಕರ ತೀರ್ಮಾನಕ್ಕೆ. ಕಳ್ಳರ ಕೈಗೆ ಸಿಕ್ಕಿ ಬಾಗಿಲು ತೆರೆದುಕೊಡುವ ನೌಕರನೊಬ್ಬ ಎಲ್ಲೋ ಇದ್ದರೆ ಎಂದು ಯೋಚಿಸಿ ಅವನು ಬರೆದ ಸಾಲು ಅದು. ಇಲ್ಲಿಯವರೆಗೆ ಯಾರಿಗೂ ತಾಗಿರಲಿಲ್ಲ.

ದೊಡ್ಡ ಧರ್ಮಸಂಕಟವೆಂದು ಬಣ್ಣ ಕಟ್ಟಿ ಹೇಳುವುದಕ್ಕೇನೂ ಇಲ್ಲ. ಸುಳ್ಳು ಬರೆಯಲು ಅವನಿಗೆ ಆಸೆಯಿತ್ತು, ಕೈ ಬರಲಿಲ್ಲ. ಸುಳ್ಳಿರುವ ದಾಖಲೆಯನ್ನು ನಂಬಿ ಯಾರೂ ಯಾರ ಕಣ್ಣಿಗೂ ಹನಿ ಹಾಕಲಾಗದು ಎಂಬುದು ಅವನ ತಲೆಯಲ್ಲಿ ಗಟ್ಟಿಯಾಗಿತ್ತು. ಅದರ ಜೊತೆಗೆ ಇನ್ನೂ ಒಂದಿತ್ತು. ಫಾರಂ ತುಂಬಿದವರಿಗೆ ಅದರ ಫಲಿತಾಂಶ ಕಾರಣದ ಸಮೇತ ತಾನಾಗಿಯೇ ಹೋಗುತ್ತದೆ. ಮೆಟ್ಟಿಲ ಬಳಿ ಹೇಳಲಾಗದೆ ಹೋದದ್ದನ್ನು ಬೋದಿಲ್‌ಗೆ ಹೇಳಲು ಅವನಿಗೆ ಉಳಿದಿದ್ದ ದಾರಿ ಅದೊಂದೇ. 'ಇತರೆ' ಎಂಬುದರ ಎದುರು ಗುರುತು ಹಾಕಿ, ಕೆಳಗಿನ ಖಾಲಿ ಜಾಗದಲ್ಲಿ ಬರೆದ: 'ಯಾರಾದರೂ ಒಳಗೆ ಬರಲಿ ಎಂದು ನಾನೇ ತೆರೆದಿಟ್ಟಿದ್ದೆ. ನಾಲ್ಕು ದಿನ.' ಓದಿದ. ಒಂದು ಅಕ್ಷರವನ್ನೂ ತಿದ್ದದೆ ಕಳಿಸಿಬಿಟ್ಟ.

ಆಮೇಲೆ ಪ್ರವೇಶ ರದ್ದು ಮಾಡುವ ಪಟ್ಟಿ ತೆರೆದ. ಆ ಅಧಿಕಾರ ಇದ್ದದ್ದು ಅವನೊಬ್ಬನಿಗೇ. ತನ್ನ ಹೆಸರನ್ನು ಹುಡುಕಿ, ಅದರ ಎದುರಿನ ಗುಂಡಿ ಒತ್ತಿದ. ಖಂಡಿತವೇ ಎಂದು ಪರದೆ ಕೇಳಿತು, ಹೌದು ಎಂದ. ಪರದೆ ಕಪ್ಪಾಯಿತು.

ಸೋಮವಾರ ವಿಗ್ಗೊ ಕರೆಸಿದ. ವಿಗ್ಗೊ ಕೆಟ್ಟವನಲ್ಲ, ಆದರೆ ತೊಡಕಿನ ಸಂಗತಿಗಳು ತನ್ನ ಮೇಜಿಗೆ ಬರುವುದನ್ನು ಕಂಡರೆ ಅವನಿಗಾಗದು. ಎದ್ದು ಕಿಟಕಿಯ ತನಕ ಹೋದ, ಬಂದ, ಕೂತ.

"ಮರೆತೆ ಅಂತ ಬರೆದಿದ್ರೆ ನಿನ್ನ ಗಂಟೇನು ಹೋಗ್ತಿತ್ತೋ ಮಾರಾಯ?"

"ಮರೆತಿರಲಿಲ್ಲ."

"ಅದು ನಂಗೂ ಗೊತ್ತಾಯ್ತು, ಓದಿದೆ. ತಪಾಸಣೆಯವರೂ ಓದ್ತಾರೆ, ಕೌನ್ಸಿಲಿನವರೂ ಓದ್ತಾರೆ. ಇಂಥವನ ಕೈಗೆ ಊರಿನ ಬೀಗದ ಕೈ ಕೊಟ್ಟು ಕೂತಿದ್ದೀರಾ ಅಂತ ನನ್ನೇ ಕೇಳ್ತಾರೆ. ಏನು ಹೇಳ್ಲಿ?"

ಇರುವುದನ್ನೇ ಹೇಳು ಎಂದ ಎಸ್ಕಿಲ್. ವಿಗ್ಗೊ ನಿಟ್ಟುಸಿರು ಬಿಟ್ಟು, ಬರೆದದ್ದನ್ನು ಬದಲಿಸಲು ಇನ್ನೂ ದಾರಿಯಿದೆಯೇ ಎಂದು ಬೇರೆ ಮಾತಿನಲ್ಲಿ ಕೇಳಿದ. ಇಲ್ಲ, ಬದಲಾಯಿಸಲಾಗದ ಹಾಗೆ ನಾನೇ ಮಾಡಿಟ್ಟಿದ್ದೇನೆ ಎಂದು ಎಸ್ಕಿಲ್ ಹೇಳಿದ. ಹಾಗೆ ಹೇಳುವಾಗ ಅವನ ದನಿಯಲ್ಲಿ ಸ್ವಲ್ಪ ಜಂಬವೂ ಇತ್ತೇನೋ. ಕೊನೆಗೆ ತೀರ್ಮಾನವಾಯಿತು. ಸದ್ಯಕ್ಕೆ ಅವನ ಕೆಲಸವನ್ನು ಹಲವು ಪುರಸಭೆಗಳಿಗೆ ಸೇರಿದ ಜಂಟಿ ಕಚೇರಿಯವರು ದೂರದಿಂದಲೇ ನೋಡಿಕೊಳ್ಳುವರು. ಡಿಸೆಂಬರಿನಲ್ಲಿ ಕೌನ್ಸಿಲ್ ಅದನ್ನೇ ಖಾಯಂ ಮಾಡುವುದು ಬಹುತೇಕ ಖಚಿತ. ಅಲ್ಲಿಯವರೆಗೆ ಎಸ್ಕಿಲ್ ದಿನಾ ಬರಬೇಕು, ಏನನ್ನೂ ಮುಟ್ಟಕೂಡದು. ಬಾಗಿಲ ತನಕ ಬಂದು ವಿಗ್ಗೊ ಅವನ ಭುಜ ಹಿಡಿದುಕೊಂಡ. ನನ್ನನ್ನಾದರೂ ಒಂದು ಮಾತು ಕರೆಯಬಾರದಿತ್ತೇ, ನಾನು ಬರುತ್ತಿದ್ದೆನಲ್ಲ ಎಂದ. ಎಸ್ಕಿಲ್ ತಲೆಯಾಡಿಸಿದ. ವಿಗ್ಗೊ ಬರುತ್ತಿದ್ದ, ಖಂಡಿತ. ಗಡಿಯಾರ ನೋಡಿಕೊಂಡು ಹತ್ತು ನಿಮಿಷ ಕೂರುತ್ತಿದ್ದ.

ಮಂಗಳವಾರ ಅವನು ಕಪ್ಪು ಪರದೆಯ ಮುಂದೆ ಎಂಟು ಗಂಟೆ ಕೂತ. ಬುಧವಾರ ಪತ್ರಿಕೆಯನ್ನು ಮೊದಲ ಪುಟದಿಂದ ಸಾವಿನ ಸುದ್ದಿಗಳವರೆಗೆ ಓದಿದ. ಬಾಗಿಲು ತೆರೆದೇ ಇತ್ತು. ಈಗ ಒಳಗೆ ಕಾಯುವಂಥದ್ದು ಏನೂ ಇರಲಿಲ್ಲ. ಊಟಕ್ಕೆ ಹೋಗುವವರ ಹೆಜ್ಜೆಗಳು ಅಲ್ಲಿ ಬಂದಾಗ ಚುರುಕಾಗುತ್ತಿದ್ದವು. ಸುದ್ದಿ ಎಲ್ಲರಿಗೂ ತಿಳಿದಿತ್ತು. ಅವರಲ್ಲಿ ಕೆಲವರಿಗೆ ಮರುಕವೂ ಇದ್ದಿರಬೇಕು. ಆದರೆ ಒಬ್ಬಂಟಿಯಾಗಿದ್ದೇನೆಂದು ದಾಖಲೆಯಲ್ಲೇ ಬರೆದುಕೊಂಡ ಮನುಷ್ಯನಿಗೆ ಏನೆಂದು ಶುಭೋದಯ ಹೇಳುವುದು? ಆ ಊರಿನಲ್ಲಿ ಅಂಥದ್ದನ್ನು ಯಾರೂ ಬಾಯಿಬಿಟ್ಟು ಹೇಳಿದ್ದೇ ಇಲ್ಲ.

ಗುರುವಾರ ಹತ್ತು ಗಂಟೆಗೆ ಅವನು ಎದ್ದು ಮೆಟ್ಟಿಲು ಹತ್ತಿದ. ಕೈಯಲ್ಲಿ ಫಾರಂ ಇರಲಿಲ್ಲ, ಪಟ್ಟಿ ಇರಲಿಲ್ಲ. ಎರಡನೇ ಮಹಡಿಯ ಗಾಜಿನ ಬಾಗಿಲನ್ನು ತಳ್ಳಿ ಒಳಗೆ ಕಾಲಿಟ್ಟ.

ಅವನನ್ನು ಮೊದಲು ಕಂಡವನು ಇಂಗೋಲ್ಫ್. ಇಂಗೋಲ್ಫ್‌ನ ಎರಡು ಬೆರಳು ಕೀಲಿಮಣೆಗೆ ಹೋದವು, ಅವನ ಪರದೆ ಲಾಕ್ ಆಯಿತು. ಅವನ ಪಕ್ಕದವಳದೂ ಆಯಿತು. ಅದರ ಮುಂದಿನದು, ಕಿಟಕಿ ಸಾಲಿನದು, ಮೂಲೆಯದು, ಒಂದಾದ ಮೇಲೊಂದು ಟಕ್ ಟಕ್ ಎಂದು ಎಲ್ಲವೂ ಆದವು. ಯಾರ ಮುಖದಲ್ಲೂ ಸಿಟ್ಟಿರಲಿಲ್ಲ. ಅವನು ಬಂದಾಗ ಹಾಗೆ ಮಾಡುವುದು ಅವರ ಕೈಗಳಿಗೆ ರೂಢಿಯಾಗಿತ್ತು, ಅಷ್ಟೇ. ಹಾಗೆ ಮಾಡಲು ಕಲಿಸಿದವನೂ ಅವನೇ. ಅವನು ಏನು ನೋಡಲು ಬಂದಿದ್ದಾನೆಂದು ಎಲ್ಲರೂ ಕಾಯುತ್ತಿದ್ದರು. ವಾಪಸು ಇಳಿದು ಹೋಗೋಣ ಎನ್ನಿಸಿತು ಅವನಿಗೆ. ಕಾಲು ತಿರುಗಿಸಿಯೂ ಇದ್ದ.

"ಏನು ಚೆಕ್ ಮಾಡೋಕೆ ಬಂದೆ?" ಎಂದು ಬೋದಿಲ್ ತನ್ನ ಮೇಜಿನಿಂದಲೇ ಕೇಳಿದಳು. ಅವಳ ಕೈ ಕೀಲಿಮಣೆಯ ಮೇಲಿತ್ತು, ಬಸ್ಸುಗಳ ಪಟ್ಟಿಯ ಟೈಪು ಇನ್ನೂ ನಡೆದಿತ್ತು.

"ಏನೂ ಇಲ್ಲ."

"ಏನೂ ಇಲ್ದೆ ಬಂದ್ಯಾ?"

"ಹೂಂ," ಎಂದ. ಅವಳ ಕಡೆ ತಿರುಗಿದ. "ಸುಮ್ನೆ ಬಂದೆ."

ಬೋದಿಲ್ ಬರೆಯುತ್ತಿದ್ದ ಸಾಲನ್ನು ಮುಗಿಸಿದಳು. ಪಕ್ಕದ ಖಾಲಿ ಕುರ್ಚಿಯನ್ನು ಕಾಲಿನಿಂದ ತಳ್ಳಿ ತನ್ನ ಮೇಜಿನ ಬಳಿ ತಂದಳು.

"ಕೂತ್ಕೋ. ಕಾಫಿ ತರ್ತೀನಿ," ಎಂದಳು.

ಎದ್ದು, ಕಾಫಿ ಯಂತ್ರವಿದ್ದ ಹಜಾರದ ಕಡೆ ನಡೆದಳು. ಅವಳ ಪರದೆ ತೆರೆದೇ ಇತ್ತು. ಇಡೀ ಮಹಡಿ ಅದನ್ನು ನೋಡಿತು. ಎಸ್ಕಿಲ್ ಕುರ್ಚಿಯ ತುದಿಯಲ್ಲಿ ಕೂತ. ಮಕ್ಕಳ ಹೆಸರು, ಮನೆಯ ವಿಳಾಸ, ಯಾವ ಮಗು ಎಷ್ಟು ಹೊತ್ತಿಗೆ ಯಾವ ತಿರುವಿನಲ್ಲಿ ಒಂಟಿಯಾಗಿ ಬಸ್ಸಿಗೆ ಕಾಯುತ್ತದೆ ಎಂಬ ವಿವರ, ಎಲ್ಲವೂ ಅವನ ಮೊಣಕೈ ಪಕ್ಕದಲ್ಲಿ ಬೆಳಗುತ್ತಿತ್ತು. ಅವನ ಕೈ ತಾನಾಗಿಯೇ ಮೇಲೆದ್ದಿತು. ಎರಡು ಕೀಲಿ ಒತ್ತಿದರೆ ಮುಗಿಯುತ್ತಿತ್ತು. ಬೋದಿಲ್ ವಾಪಸು ಬಂದು ಲಾಕ್ ಆದ ಪರದೆಯನ್ನು ನೋಡುತ್ತಾಳೆ, ಏನೂ ಹೇಳುವುದಿಲ್ಲ, ಕಾಫಿ ಕೊಡುತ್ತಾಳೆ. ಮುಂದಿನ ಸಲ ಕುರ್ಚಿ ತಳ್ಳುವುದಿಲ್ಲ.

ಅವನು ಕೈ ಹಿಂದೆಗೆದುಕೊಂಡ. ಎದ್ದು ಕುರ್ಚಿಯನ್ನು ಸುತ್ತ ತಿರುಗಿಸಿ ಮೇಜಿಗೆ ಒತ್ತಿಟ್ಟ. ಪರದೆಗೆ ಬೆನ್ನು ಹಾಕಿ, ಉಳಿದವರ ಯಾರ ಕಣ್ಣಿಗೂ ಅದು ಬೀಳದ ಹಾಗೆ ಅಡ್ಡವಾಗಿ ನೆಟ್ಟಗೆ ಕೂತ. ಅವಳು ಬರುವ ತನಕ ಹಾಗೆಯೇ ಕೂತಿದ್ದ.